ಎಂಟನೆಯ ತಿಂಗಳ ಅಳು

ಹುಟ್ಟಿದ ಕೂಸಿಗೆ ತಾಯಿಯ ದನಿ ಗೊತ್ತಿರುತ್ತದೆ ಎಂದು ನಮ್ಮ ಊರುಗಳ ಸೂಲಗಿತ್ತಿಯರು ಮೊದಲಿನಿಂದಲೂ ನಂಬಿದ್ದರು. 1980ರಲ್ಲಿ ಅಮೆರಿಕದ ಸಂಶೋಧಕರಾದ ಆಂಥನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಇದನ್ನು ಪರೀಕ್ಷಿಸಿ ನೋಡಿದರು. ಹುಟ್ಟಿ ಮೂರು ದಿನ ತುಂಬದ ಶಿಶುಗಳ ಬಾಯಿಗೆ ಚೀಪುವ ನಿಪ್ಪಲ್ ಕೊಟ್ಟರು. ಒಂದು ಲಯದಲ್ಲಿ ಚೀಪಿದರೆ ತಾಯಿಯ ದನಿ ಕೇಳಬೇಕು, ಇನ್ನೊಂದು ಲಯದಲ್ಲಿ ಚೀಪಿದರೆ ಬೇರೆ ಹೆಂಗಸಿನ ದನಿ ಕೇಳಬೇಕು, ಹಾಗೆ ಏರ್ಪಾಟು ಮಾಡಿದ್ದರು. ಶಿಶುಗಳು ತಾಯಿಯ ದನಿ ಬರುವ ಹಾಗೆ ತಮ್ಮ ಚೀಪುವಿಕೆಯನ್ನೇ ಬದಲಿಸಿಕೊಂಡವು. ಕಣ್ಣು ನೆಟ್ಟಗೆ ನಿಲ್ಲದ, ಕೊರಳು ಗಟ್ಟಿಯಾಗದ ಜೀವಕ್ಕೆ ಅಷ್ಟು ಆಯ್ಕೆ, ಅಷ್ಟು ಹಟ.

ಅದಕ್ಕಿಂತ ದೊಡ್ಡ ಬೆರಗು ಮುಂದಿದೆ. ತಾಯಿಯನ್ನು ಇಷ್ಟು ಚೆನ್ನಾಗಿ ಬಲ್ಲ ಅದೇ ಕೂಸು ಮೂರು ನಾಲ್ಕು ತಿಂಗಳಿದ್ದಾಗ ತಾಯಿ ಎದ್ದು ಹೋದರೆ ಅಳುವುದಿಲ್ಲ. ನಮ್ಮ ಯಾದಗಿರಿ ಸೀಮೆಯ ಸುರಪುರದ ಯಾವುದೇ ಓಣಿಯಲ್ಲಿ ನೋಡಿ, ಆ ವಯಸ್ಸಿನ ಕೂಸು ಬೆಳಗಿನಿಂದ ಸಂಜೆಯ ತನಕ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಕಟ್ಟೆಯ ಮೇಲೆ ಕುಳಿತ ಮುದುಕಿ ಎತ್ತಿಕೊಳ್ಳುತ್ತಾಳೆ, ಶಾಲೆ ಬಿಟ್ಟು ಬಂದ ಹುಡುಗಿ ಸೊಂಟಕ್ಕೇರಿಸಿಕೊಳ್ಳುತ್ತಾಳೆ, ಹಸಿವಾಗುವ ತನಕ ಅದಕ್ಕೆ ಯಾವ ತಕರಾರೂ ಇಲ್ಲ. ಏಳನೆಯ ತಿಂಗಳಿಗೋ ಎಂಟನೆಯ ತಿಂಗಳಿಗೋ ಒಂದು ದಿನ ತಾಯಿ ಬಿಂದಿಗೆ ಹಿಡಿದು ಹೊಸ್ತಿಲು ದಾಟುತ್ತಾಳೆ. ಕೂಸು ಕೈಯಲ್ಲಿದ್ದ ಚಮಚ ಬಿಟ್ಟು ಬಾಗಿಲನ್ನೇ ನೋಡುತ್ತದೆ. ತುಟಿ ಬಿರಿಯುತ್ತದೆ, ಆಮೇಲೆ ಓಣಿಗೆಲ್ಲ ಕೇಳುವ ಅಳು. ಹೊಟ್ಟೆ ತುಂಬಿದೆ, ಮೈಯಲ್ಲಿ ನೋವಿಲ್ಲ. ನಿನ್ನೆ ತನಕ ಎತ್ತಿಕೊಂಡ ಮುದುಕಿಯೇ ಇವತ್ತೂ ಕೈ ಚಾಚಿದ್ದಾಳೆ. ಆದರೂ ಅಳು ನಿಲ್ಲುವುದಿಲ್ಲ.

ಆ ದಿನ ಕೂಸಿನ ತಲೆಯೊಳಗೆ ಏನೋ ಕೂಡಿಕೊಂಡಿದೆ. ಕಣ್ಣೆದುರು ಇಲ್ಲದವರೂ ಎಲ್ಲೋ ಇದ್ದಾರೆ ಎಂಬುದು ಅದಕ್ಕೆ ತಿಳಿದಿದೆ. ಜಿನೀವಾದ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತನ್ನ ಮೂವರು ಮಕ್ಕಳ ಮುಂದೆ ಆಟಿಕೆಯನ್ನು ಬಟ್ಟೆಯಡಿ ಮುಚ್ಚಿಟ್ಟು ಕಾದು ನೋಡಿದ್ದು ಇದನ್ನೇ. ಎಳೆಯ ಕೂಸು ಮುಚ್ಚಿಟ್ಟ ವಸ್ತುವನ್ನು ಹುಡುಕುವುದಿಲ್ಲ. ಎಂಟು ತಿಂಗಳ ಆಸುಪಾಸಿನಲ್ಲಿ ಬಟ್ಟೆ ಎಳೆದು ಹುಡುಕತೊಡಗುತ್ತದೆ. ವಸ್ತುವಾದರೆ ಹುಡುಕಬಹುದು. ತಾಯಿಯಾದರೆ, ಅಂಬೆಗಾಲಿನ ಜೀವ ಎಲ್ಲಿ ಅಂತ ಹುಡುಕೀತು? ಎಲ್ಲೋ ಇದ್ದಾಳೆ ಎಂದು ಗೊತ್ತು, ಎಲ್ಲಿ ಎಂದು ಗೊತ್ತಿಲ್ಲ, ಬರುತ್ತಾಳೆಯೇ ಎಂಬುದೂ ಗೊತ್ತಿಲ್ಲ. ಆ ಅಳು ಕೂಸಿನ ಬುದ್ಧಿ ಬೆಳೆದ ಗುರುತು. ಅದನ್ನು ಹಟ ಎಂದೋ ಕೆಟ್ಟ ರೂಢಿ ಎಂದೋ ಕರೆಯುವಾಗ ನನಗೆ ಸಂಕಟವಾಗುತ್ತದೆ.

1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ ಮತ್ತು ಅವರ ಸಂಗಡಿಗರು ಬೇರೆ ಬೇರೆ ನಾಡಿನ ಕೂಸುಗಳನ್ನು ಹೋಲಿಸಿದರು. ಕಲಹರಿ ಮರುಭೂಮಿಯಲ್ಲಿ ದಿನವಿಡೀ ತಾಯಿಯ ಮೈಗಂಟಿಕೊಂಡೇ ಬೆಳೆಯುತ್ತಿದ್ದ ಸ್ಯಾನ್ ಜನರ ಕೂಸುಗಳು, ಇಸ್ರೇಲಿನ ಕಿಬ್ಬುಟ್ಸ್‌ಗಳಲ್ಲಿ ದಾದಿಯರ ಕೈಯಲ್ಲಿ ಬೆಳೆಯುತ್ತಿದ್ದ ಕೂಸುಗಳು, ಗ್ವಾಟೆಮಾಲಾದ ಹಳ್ಳಿಯವು, ಅಮೆರಿಕದ ಪೇಟೆಯವು. ಎಲ್ಲ ಕಡೆಯೂ ಅಗಲಿಕೆಯ ಅಳು ಸುಮಾರು ಅದೇ ತಿಂಗಳಿಗೆ ಶುರುವಾಗಿ, ವರ್ಷ ತುಂಬಿದ ಮೇಲೆ ತೀವ್ರವಾಗಿ, ಆಮೇಲೆ ನಿಧಾನ ಇಳಿಯುತ್ತದೆ. ಮೂರು ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳು ಅಂಗನವಾಡಿಯ ಬಾಗಿಲಲ್ಲಿ ಕೈ ಬಿಡಿಸಿಕೊಂಡು ಒಳಗೆ ಓಡುತ್ತಾರೆ. ಹಲ್ಲು ಬರುವ ಹಾಗೆ, ಹೆಜ್ಜೆ ಇಡುವ ಹಾಗೆ, ಹಂಬಲಿಸುವುದಕ್ಕೂ ಒಂದು ತಿಂಗಳುಂಟು.

ಆ ತಿಂಗಳಿಗೆ ಸರಿಯಾಗಿ ಮನೆಮನೆಯಲ್ಲಿ ಒಂದು ಆಟ ಶುರುವಾಗುತ್ತದೆ. ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡು ‘ಅಮ್ಮ ಎಲ್ಲಿ ಹೋದ್ಳು?’ ಅನ್ನುತ್ತಾಳೆ. ಒಂದು ಕ್ಷಣ ಕೂಸಿನ ಉಸಿರು ನಿಲ್ಲುತ್ತದೆ. ‘ಇಲ್ಲೇ ಅದಾಳಲ್ಲ!’ ಎಂದು ಸೆರಗು ಸರಿಸಿದರೆ ಕೂಸು ಮೈಯೆಲ್ಲ ಅಲುಗುವ ಹಾಗೆ ನಗುತ್ತದೆ. ಹತ್ತು ಸಲ ಆಡಿದರೂ ಬೇಸರವಿಲ್ಲ, ಇನ್ನೂ ಬೇಕು. ಈ ಆಟವನ್ನು ಅಜ್ಜಿಗೆ ಯಾರೂ ಕಲಿಸಿದ್ದಲ್ಲ, ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಆದರೆ ಮನೋವೈದ್ಯರು ಇಂದು ಬೇರ್ಪಡುವ ಭಯಕ್ಕೆ ಕೊಡುವ ಚಿಕಿತ್ಸೆಯ ತಿರುಳು ಇಲ್ಲಿಯೇ ಇದೆ: ಸಣ್ಣ ಅಗಲಿಕೆ, ನಿಶ್ಚಿತ ಮರಳುವಿಕೆ, ಮತ್ತೆ ಮತ್ತೆ. ಸಿಗ್ಮಂಡ್ ಫ್ರಾಯ್ಡ್ 1920ರಲ್ಲಿ ತನ್ನ ಒಂದೂವರೆ ವರ್ಷದ ಮೊಮ್ಮಗನ ಬಗ್ಗೆ ಬರೆದ. ತಾಯಿ ಹೊರಗೆ ಹೋದಾಗ ಆ ಹುಡುಗ ದಾರ ಕಟ್ಟಿದ ಮರದ ಉರುಳೆಯನ್ನು ತೊಟ್ಟಿಲಿನ ಆಚೆ ಎಸೆದು ‘ಹೋಯಿತು’ ಎನ್ನುವನು, ದಾರ ಎಳೆದು ‘ಬಂತು’ ಎಂದು ಹಿಗ್ಗುವನು. ತಾಯಿಯನ್ನು ಎಳೆದು ತರಲಾರದವನು ಉರುಳೆಯನ್ನಾದರೂ ಎಳೆದು ತಂದ. ಒಂದೂವರೆ ವರ್ಷದ ಪೋರ ತನ್ನ ದುಃಖಕ್ಕೆ ತಾನೇ ಮದ್ದು ಕಂಡುಕೊಂಡ.

ಇನ್ನು ನಮ್ಮ ಸೀಮೆಗೆ ಬರುತ್ತೇನೆ. 2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಬೇರ್ಪಟ್ಟು ಯಾದಗಿರಿ ರಾಜ್ಯದ 30ನೇ ಜಿಲ್ಲೆಯಾಯಿತು. ಕೃಷ್ಣೆ ಇದೆ, ಭೀಮೆ ಇದೆ, ನಾರಾಯಣಪುರದಲ್ಲಿ ಬಸವಸಾಗರ ಇದೆ. ಕಾಲುವೆಯ ನೀರು ಮುಟ್ಟಿದಲ್ಲಿ ಭತ್ತ, ಮುಟ್ಟದಲ್ಲಿ ತೊಗರಿ, ಹತ್ತಿ, ಮಳೆಯ ದಾರಿ ನೋಡುವ ಹೊಲ. ಹಾಗಾಗಿ ಸುಗ್ಗಿ ಕೈಕೊಟ್ಟ ವರ್ಷ, ಎಷ್ಟೋ ಮನೆಗಳಲ್ಲಿ ಪ್ರತಿ ವರ್ಷವೂ, ಗುಳೆ. ‘ದುಡೀಲಾಕ ಹೋಗ್ಯಾರ’ ಎಂಬ ಎರಡೇ ಮಾತಿನಲ್ಲಿ ಓಣಿಯ ಅರ್ಧ ಮನೆಗಳ ಬೀಗಕ್ಕೆ ಕಾರಣ ಸಿಗುತ್ತದೆ. ಬೆಂಗಳೂರಿನ ಕಟ್ಟಡಗಳಿಗೆ, ಪುಣೆಗೆ, ಮುಂಬೈಗೆ, ಗೋವಾಕ್ಕೆ. ಶಹಾಪುರ, ಸುರಪುರದ ಬಸ್ ನಿಲ್ದಾಣಗಳಿಂದ ಸಂಜೆ ಹೊರಡುವ ಬೆಂಗಳೂರು ಬಸ್ಸಿನಲ್ಲಿ ಜೋಳದ ಹಿಟ್ಟಿನ ಚೀಲ, ಕಟಕ ರೊಟ್ಟಿಯ ಗಂಟು, ಅಲ್ಯುಮಿನಿಯಂ ಬುಟ್ಟಿ ಎಲ್ಲವೂ ಹತ್ತುತ್ತವೆ. ಹಾಲು ಕುಡಿಯುವ ಕೂಸು ತಾಯಿಯ ಜೊತೆ ಹೋಗುತ್ತದೆ. ಎರಡು ಮೂರು ವರ್ಷ ದಾಟಿದ್ದು, ಶಾಲೆಗೆ ಹೋಗುವುದು, ಅಜ್ಜಿಯ ಹತ್ತಿರ ಉಳಿಯುತ್ತದೆ.

ಹೀಗೆ ಉಳಿಸಿ ಹೋಗುವಾಗ ನಮ್ಮಲ್ಲಿ ಒಂದು ಪದ್ಧತಿ ಬಿದ್ದಿದೆ. ಮಗು ಮಲಗಿದಾಗ ಹೋಗುವುದು. ಇಲ್ಲವೇ ಯಾರಾದರೂ ‘ಬಾ, ಅಂಗಡಿಗಿ ಹೋಗಿ ಬರೋಣು’ ಎಂದು ಎತ್ತಿಕೊಂಡು ಹೋಗುವುದು, ಆ ಹೊತ್ತಿನಲ್ಲಿ ತಾಯಿ ಬಸ್ ಹತ್ತುವುದು. ಇದರ ಹಿಂದೆ ಕ್ರೌರ್ಯವಿಲ್ಲ. ಕೂಸು ಅಳುವುದನ್ನು ನೋಡಿದರೆ ತನ್ನ ಕಾಲೇ ಏಳುವುದಿಲ್ಲ ಎಂದು ಆ ತಾಯಿಗೆ ಗೊತ್ತು. ಆದರೆ ಎದ್ದ ಕೂಸಿನ ಕಡೆಯಿಂದ ನೋಡಿ. ಮಲಗುವಾಗ ಪಕ್ಕದಲ್ಲಿದ್ದವಳು ಏಳುವಾಗ ಇಲ್ಲ. ಅಂಗಡಿಯಿಂದ ಬಿಸ್ಕತ್ತು ಹಿಡಿದು ಬಂದರೆ ಮನೆಯಲ್ಲಿ ಅವ್ವ ಇಲ್ಲ. ಅಂದಿನಿಂದ ಅದಕ್ಕೆ ನಿದ್ದೆಯೇ ಅಪಾಯ, ಅಂಗಡಿಗೆ ಹೋಗುವುದೂ ಅಪಾಯ. ರಾತ್ರಿ ಅಜ್ಜಿಯ ಸೆರಗಿನ ಚುಂಗನ್ನು ಮುಷ್ಟಿಯಲ್ಲಿ ಹಿಡಿದೇ ಮಲಗುತ್ತದೆ. ಅಜ್ಜಿ ಬಚ್ಚಲಿಗೆ ಎದ್ದರೂ ಎಚ್ಚರ. ‘ಕೂಸು ಹಂಬಲ ಹಚ್ಚಿಕೊಂಡಾದ’ ಎನ್ನುತ್ತಾರೆ. ಮೈ ಬಿಸಿಯಾಗುತ್ತದೆ, ಉಂಡದ್ದು ಸೇರುವುದಿಲ್ಲ, ದೃಷ್ಟಿ ತೆಗೆಯುತ್ತಾರೆ, ತಾಯತ ಕಟ್ಟಿಸುತ್ತಾರೆ. ಹಂಬಲಕ್ಕೂ ಮೈಯ ಬೇನೆಗೂ ನಂಟುಂಟು ಎಂಬುದನ್ನು ಈ ಮಾತು ಬಲ್ಲದು; ವೈದ್ಯಶಾಸ್ತ್ರವೂ ಅದನ್ನೇ ಹೇಳುತ್ತದೆ.

ಕೆಲವು ದಿನ ಕಳೆದ ಮೇಲೆ ಅಳು ನಿಲ್ಲುತ್ತದೆ. ಆಗ ಮನೆಯವರಿಗೆ ನೆಮ್ಮದಿ. ‘ಶಾಣ್ಯಾ ಆಗ್ಯಾದ, ಅವ್ವನ್ನ ಕೇಳೂದೇ ಇಲ್ಲ.’ ಇಲ್ಲಿ ಸ್ವಲ್ಪ ನಿಲ್ಲಬೇಕು. ಲಂಡನ್ನಿನಲ್ಲಿ ಮನೋವೈದ್ಯ ಜಾನ್ ಬೌಲ್ಬಿಯವರೊಡನೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಒಂದು ಮೂಕ ಚಿತ್ರ ತೋರಿಸಿದರು. ಎರಡೂವರೆ ವರ್ಷವೂ ತುಂಬದ ಲಾರಾ ಎಂಬ ಹುಡುಗಿ ಒಂದು ಸಣ್ಣ ಶಸ್ತ್ರಚಿಕಿತ್ಸೆಗೆಂದು ಎಂಟು ದಿನ ಆಸ್ಪತ್ರೆಯಲ್ಲಿರುತ್ತಾಳೆ. ಆ ಕಾಲದ ಇಂಗ್ಲಿಷ್ ಆಸ್ಪತ್ರೆಗಳಲ್ಲಿ ತಾಯಂದಿರನ್ನು ಜೊತೆಗೆ ಬಿಡುತ್ತಿರಲಿಲ್ಲ. ಲಾರಾ ಹೆಚ್ಚು ಅಳುವುದಿಲ್ಲ. ಮುಖ ಬಿಗಿಹಿಡಿಯುತ್ತಾಳೆ, ಆಟಿಕೆ ಅಪ್ಪಿಕೊಳ್ಳುತ್ತಾಳೆ, ದಿನ ಕಳೆದಂತೆ ತಾಯಿ ಬಂದರೂ ಮೊದಲಿನ ಹಾಗೆ ಮುಖ ಕೊಡುವುದಿಲ್ಲ. ಚಿತ್ರ ನೋಡಿದ ವೈದ್ಯರಲ್ಲಿ ಹಲವರು ಸಿಟ್ಟಾದರು, ನಮ್ಮ ವಾರ್ಡಿನ ಮಕ್ಕಳು ಖುಷಿಯಾಗಿದ್ದಾರೆ ಎಂದರು. ರಾಬರ್ಟ್‌ಸನ್ ಹೇಳಿದ್ದು ಇಷ್ಟು: ಅಗಲಿದ ಮಗು ಮೊದಲು ಪ್ರತಿಭಟಿಸುತ್ತದೆ, ಆಮೇಲೆ ಹತಾಶವಾಗುತ್ತದೆ, ಕೊನೆಗೆ ಬಿಟ್ಟುಕೊಡುತ್ತದೆ. ಹೊರಗಿನವರು ಈ ಮೂರನೆಯದನ್ನೇ ವಾಸಿಯಾಯಿತು ಎಂದು ತಿಳಿಯುತ್ತಾರೆ. 1959ರಲ್ಲಿ ಅಲ್ಲಿನ ಪ್ಲಾಟ್ ಸಮಿತಿ ಮಕ್ಕಳ ವಾರ್ಡಿಗೆ ತಾಯಿತಂದೆಯರನ್ನು ಬಿಡಬೇಕೆಂದು ಶಿಫಾರಸು ಮಾಡಿತು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಕೂಸಿನ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗುವ ತಾಯಿಯನ್ನು ನೋಡಿದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. ಇಂಗ್ಲೆಂಡಿನ ಆಸ್ಪತ್ರೆಗಳು ಸಮಿತಿ ಕೂರಿಸಿ ಕಲಿತದ್ದನ್ನು ಅವಳು ಬುತ್ತಿ ಕಟ್ಟಿಕೊಂಡು ಬಂದು ಮಾಡುತ್ತಿದ್ದಾಳೆ.

ಅಗಲಿದ ದಿನಕ್ಕಿಂತ ಕಠಿಣವಾದ ದಿನ ಮರಳಿ ಬಂದ ದಿನ. ಯುಗಾದಿಗೆ ಬಂದ ತಾಯಿ ಬಸ್ಸಿಳಿದು, ಹೊಸ ಅಂಗಿ, ಬಣ್ಣದ ಚೆಂಡು ಹಿಡಿದು, ಬಿಸಿಲಲ್ಲಿ ಓಣಿಗುಂಟ ಹೆಚ್ಚುಕಮ್ಮಿ ಓಡಿಯೇ ಬರುತ್ತಾಳೆ. ಕೂಸು ಅಜ್ಜಿಯ ಹಿಂದೆ ಅಡಗುತ್ತದೆ. ಕರೆದರೆ ಬರುವುದಿಲ್ಲ. ಅಂಗಿ ಚಾಚಿದರೆ ಕೈ ಮುಂದೆ ಮಾಡುತ್ತದೆ, ಮುಖ ಆ ಕಡೆ ಮಾಡುತ್ತದೆ. ‘ನನ್ನ ಮರ್ತಾದ ನೋಡ್ರಿ’ ಎಂದು ಆ ತಾಯಿ ಪಡಸಾಲೆಯಲ್ಲೇ ಕುಸಿದು ಕೂರುವುದನ್ನು ಕಂಡಿದ್ದೇನೆ. ಸುತ್ತಲಿನವರು ನಗುತ್ತಾರೆ, ಕೂಸನ್ನು ಗದರುತ್ತಾರೆ, ಎತ್ತಿ ತಾಯಿಯ ತೊಡೆಗೆ ತುರುಕುತ್ತಾರೆ. ಅದು ಚೀರಿ ಕೊಸರಿಕೊಳ್ಳುತ್ತದೆ.

ಮರೆತ ಕೂಸು ಹಾಗೆ ಮಾಡುವುದಿಲ್ಲ. ಮರೆತಿದ್ದರೆ ಹೊಸಬರನ್ನು ನೋಡಿದ ಹಾಗೆ ಕುತೂಹಲದಿಂದ ನೋಡುತ್ತಿತ್ತು, ಚೆಂಡಿಗೆ ನಗುತ್ತಿತ್ತು. ಮುಖ ತಿರುವುವುದಕ್ಕೆ ನೆನಪು ಬೇಕು. ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ 1950ರ ದಶಕದಲ್ಲಿ ಉಗಾಂಡಾದ ಹಳ್ಳಿಗಳಲ್ಲಿ ತಾಯಿ ಮಕ್ಕಳ ನಡುವೆ ಕುಳಿತು ನೋಡಿದರು. ಆಮೇಲೆ ಬಾಲ್ಟಿಮೋರಿನಲ್ಲಿ ತಾಯಿ ಕೋಣೆ ಬಿಟ್ಟು ಹೋಗಿ ಮರಳುವ ಆ ಪ್ರಸಿದ್ಧ ಪರೀಕ್ಷೆ ರೂಪಿಸಿದರು. ಆ ಪರೀಕ್ಷೆಯಲ್ಲಿ ಅವರು ಹೆಚ್ಚು ಬೆಲೆ ಕೊಟ್ಟದ್ದು ತಾಯಿ ಹೋದಾಗಿನ ಅಳುವಿಗಲ್ಲ, ಬಂದಾಗ ಕೂಸು ನಡೆದುಕೊಂಡ ರೀತಿಗೆ. ಓಡಿಬಂದು ಅಪ್ಪಿ ಸಮಾಧಾನಗೊಳ್ಳುವ ಕೂಸು ಒಂದು ಬಗೆ. ಅಪ್ಪಿಯೂ ಹೊಡೆಯುವ, ಕಚ್ಚುವ ಕೂಸು ಇನ್ನೊಂದು ಬಗೆ. ಏನೂ ಆಗಿಲ್ಲ ಎಂಬಂತೆ ಆಟಿಕೆ ನೋಡುತ್ತ ಕೂರುವ ಕೂಸು ಮತ್ತೊಂದು. ಹಾಗೆ ಕೂತ ಮಕ್ಕಳ ಎದೆಬಡಿತವನ್ನು ಆಮೇಲಿನ ಸಂಶೋಧಕರು ಅಳೆದಾಗ ಅದೂ ಏರಿತ್ತು. ಮುಖ ತಿರುವಿದ ಕೂಸಿನ ಎದೆಯೂ ಅಷ್ಟೇ ಜೋರಾಗಿ ಬಡಿದುಕೊಳ್ಳುತ್ತಿದೆ ಎಂಬುದನ್ನು ಆ ಪಡಸಾಲೆಯಲ್ಲಿ ಕುಸಿದ ತಾಯಿಗೆ ಯಾರಾದರೂ ಹೇಳಬೇಕಿತ್ತು. ಅವಳು ಮಾಡಬೇಕಾದ್ದು ಬಹಳ ಕಡಿಮೆ. ತುಸು ದೂರ ಕೂತು, ರೊಟ್ಟಿ ಬಡಿಯುತ್ತಲೋ ಹೇನು ನೋಡುತ್ತಲೋ, ಕೂಸು ತಾನಾಗಿ ಬರುವ ತನಕ ಕಾಯುವುದು. ಬರುತ್ತದೆ. ಮೊದಲು ಬೆನ್ನಿಗೆ ಬಂದು ಒರಗುತ್ತದೆ. ಮುಖ ತೋರಿಸುವುದು ಆಮೇಲೆ.

ಅಜ್ಜಿಯರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕೂಸು ಒಬ್ಬರನ್ನೇ ಹಚ್ಚಿಕೊಳ್ಳುತ್ತದೆ ಎಂಬುದು ಸುಳ್ಳು. ಎರಡು ಮೂರು ಜನರನ್ನು ಗಟ್ಟಿಯಾಗಿ ಹಚ್ಚಿಕೊಳ್ಳಬಲ್ಲದು, ಕೂಡುಕುಟುಂಬದ ಮಕ್ಕಳನ್ನು ನೋಡಿದ ನಮಗೆ ಇದಕ್ಕೆ ಸಾಕ್ಷಿ ಬೇಡ. ಗುಳೆ ಹೋದವರ ಮಕ್ಕಳು ಬದುಕಿ ಬೆಳೆದು ಓದುತ್ತಿರುವುದು ಈ ಅಜ್ಜಿಯರ ತೊಡೆಯ ಮೇಲೆ. ಆದರೆ ಕೂಸಿಗೆ ಆರು ವರ್ಷವಾದ ಮೇಲೆ ‘ಅಲ್ಲೇ ಶಾಲಿಗಿ ಹಾಕ್ತೀವಿ’ ಎಂದು ಬೆಂಗಳೂರಿನ ತಗಡಿನ ಶೆಡ್ಡಿಗೆ ಕರೆದೊಯ್ದರೆ, ಅದು ಅಲ್ಲಿ ಅಳುವುದು ಅಜ್ಜಿಗಾಗಿ. ಒಂದೇ ಬಾಲ್ಯದಲ್ಲಿ ಎರಡು ಸಲ ತಾಯಿಯನ್ನು ಬಿಟ್ಟ ಹಾಗೆ. ಇತ್ತ ಅಜ್ಜಿಯ ಮನೆ ಬಣಬಣ. ಅವಳ ಉಪವಾಸ, ನಿದ್ದೆಗೇಡನ್ನು ವಯಸ್ಸಿನ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತೇವೆ.

ಅಗಲಿಕೆಯ ಹಳೆಯ ಕಥೆಯೊಂದೂ ನಮ್ಮ ಸೀಮೆಯಲ್ಲಿದೆ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಅದನ್ನು ನೋಡಿದಾಗ ನನಗೆ ಪುಟ್ಟ ಹುಡುಗನೊಬ್ಬ ನೆನಪಾಗುತ್ತಾನೆ. ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು, 1824ರಲ್ಲಿ ಹದಿನೈದರ ಪ್ರಾಯದಲ್ಲಿ ತಾಯಿಯನ್ನು ಬಿಟ್ಟು ಹಡಗು ಹತ್ತಿ ಮುಂಬೈಗೆ ಬಂದವನು, ಆಮೇಲೆ ನಿಜಾಮನ ಸೇವೆಗೆ ಸೇರಿದವನು. 1840ರ ದಶಕದ ಆರಂಭದಲ್ಲಿ ಸುರಪುರದ ಆಡಳಿತದ ಹೊಣೆ ಅವನಿಗೆ ಬಂತು. ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ, ಮಗ ವೆಂಕಟಪ್ಪ ನಾಯಕ ಇನ್ನೂ ಎಳೆಯ. ತಂದೆಯಿಲ್ಲದ ಆ ಹುಡುಗ ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಟೇಲರನ ಹೆಂಡತಿ ತೀರಿಕೊಂಡಿದ್ದಳು, ಹೆಣ್ಣುಮಕ್ಕಳು ಇಂಗ್ಲೆಂಡಿನಲ್ಲಿ ಬೆಳೆಯುತ್ತಿದ್ದರು. ಮಕ್ಕಳನ್ನು ಅಗಲಿದ ತಂದೆ, ತಂದೆಯನ್ನು ಕಳೆದುಕೊಂಡ ಮಗ, ಇಬ್ಬರೂ ಸುರಪುರದ ಬಂಡೆಗಳ ನಡುವೆ ಒಬ್ಬರಿಗೊಬ್ಬರು ದೊರೆತರು. 1853ರಲ್ಲಿ ರಾಜನಿಗೆ ಅಧಿಕಾರ ಒಪ್ಪಿಸಿ ಟೇಲರ್ ಹೊರಟುಹೋದ. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದ, ಸೆರೆಯಾದ. ಸೆರೆಮನೆಗೆ ಬಂದ ಟೇಲರನನ್ನು ಅವನು ಆಗಲೂ ಕರೆದದ್ದು ಅಪ್ಪಾ ಎಂದೇ. ಮರಣದಂಡನೆ ತಪ್ಪಿ, ಬೇರೆ ಸೆರೆಮನೆಗೆ ಸಾಗಿಸುತ್ತಿದ್ದಾಗ ದಾರಿಯಲ್ಲಿ ಗುಂಡು ತಗುಲಿ ಅವನು ತೀರಿಕೊಂಡ.

ಆ ಬಂಡಾಯಕ್ಕೆ ಕಾರಣ ರಾಜ್ಯ, ಮಾನ, ಕಂಪನಿ ಸರ್ಕಾರದ ದುರಾಸೆ. ಅದನ್ನು ಒಬ್ಬ ಹುಡುಗನ ಅಗಲಿಕೆಯ ನೋವಿಗೆ ಇಳಿಸಿದರೆ ಆ ವೀರನಿಗೂ ಅವನ ಜೊತೆ ಮಡಿದವರಿಗೂ ಅನ್ಯಾಯ. ನನ್ನ ಬೆರಗು ಬೇರೆಯದು. ಪರಕೀಯ ಆಡಳಿತದ ಅಧಿಕಾರಿಯೊಬ್ಬನಿಗೂ ಬೇಡರ ನಾಯಕನ ಮಗನೊಬ್ಬನಿಗೂ ನಡುವೆ, ಎರಡೂ ಕಡೆಯ ರಾಜಕೀಯವನ್ನು ಮೀರಿ, ಆ ಎಳೆಯ ಕರೆ ಸೆರೆಮನೆಯ ತನಕ ಉಳಿದುಬಂತು. ಟೇಲರ್ ಸತ್ತ ಮರುವರ್ಷ, 1877ರಲ್ಲಿ, ಅವನ ಆತ್ಮಕಥೆಯನ್ನು ಸಂಪಾದಿಸಿ ಪ್ರಕಟಿಸಿದ್ದು ದೂರದಲ್ಲಿ ಬೆಳೆದ ಮಗಳೇ. ವೆಂಕಟಪ್ಪನಿಗೆ ದಕ್ಕಿದ ತಂದೆಯನ್ನು ಅವಳು ಆ ಪುಟಗಳಲ್ಲಿ ಓದಿರಬೇಕು.

ದೊಡ್ಡವರಿಗೂ ಈ ಬೇರ್ಪಡುವ ಭಯ ಬರುತ್ತದೆಯೇ ಎಂದು ಕೇಳುವವರುಂಟು. ಬಹುಕಾಲ ವೈದ್ಯರೂ ಇದನ್ನು ಮಕ್ಕಳ ಕಾಯಿಲೆ ಎಂದೇ ಎಣಿಸಿದ್ದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೆಯ ಆವೃತ್ತಿ ಬಂದಾಗ, ಹದಿನೆಂಟರ ಮೇಲೆ ಮೊದಲ ಸಲ ಶುರುವಾದರೂ ಇದೇ ಹೆಸರಿಟ್ಟು ಕರೆಯಬಹುದೆಂದು ಒಪ್ಪಿದರು. ಮಕ್ಕಳಲ್ಲಿ ನಾಲ್ಕು ವಾರ, ದೊಡ್ಡವರಲ್ಲಿ ಸಾಮಾನ್ಯವಾಗಿ ಆರು ತಿಂಗಳು ಬಿಡದೆ ಕಾಡಿ ದಿನದ ಬದುಕಿಗೇ ಅಡ್ಡಿಯಾದರೆ ಅದು ಕಾಯಿಲೆ. ಬೆಂಗಳೂರಿನಲ್ಲಿರುವ ಮಗ ಒಂದು ಸಲ ಫೋನ್ ಎತ್ತದಿದ್ದರೆ ಹತ್ತನೆಯ ಮಹಡಿಯಿಂದ ಬಿದ್ದ ಎಂದೇ ಕಣ್ಣಿಗೆ ಕಟ್ಟುವುದು, ಎತ್ತುವ ತನಕ ಮತ್ತೆ ಮತ್ತೆ ಒತ್ತುವುದು, ಎದೆ ಡವಗುಟ್ಟುವುದು, ಒಬ್ಬರೇ ಮಲಗಲಾಗದಿರುವುದು, ಅಗಲಿಕೆಯ ಕನಸುಗಳೇ ಬೀಳುವುದು. ಇಂಥವರು ಎದೆಯ ಡಾಕ್ಟರ ಬಳಿಗೆ ಹೋಗುತ್ತಾರೆ, ಇಸಿಜಿ ಮಾಡಿಸುತ್ತಾರೆ, ಏನಿಲ್ಲ ಎಂದು ಕಳಿಸುತ್ತಾರೆ. ಏನಿಲ್ಲ ಎಂದದ್ದು ಹೃದಯದ ಬಗ್ಗೆ ಮಾತ್ರ. ಗಂಡಸರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕಾಂಕ್ರೀಟು ಹೊರುವ ಕೆಲಸದ ನಡುವೆ ಕಾರಣವಿಲ್ಲದೆ ಊರಿಗೆ ಓಡಿಬಂದು ಮೇಸ್ತ್ರಿಯ ಬೈಗುಳ ತಿನ್ನುವ ಹುಡುಗರಲ್ಲಿ ಎಷ್ಟು ಜನರಿಗೆ ಇದಿದೆಯೋ.

ನಮ್ಮ ಹಿರಿಯರು ಮದುವೆಯಾಗಿ ಹೋಗುವ ಹೆಣ್ಣುಮಕ್ಕಳಿಗೆ ಈ ಅಗಲಿಕೆಗೊಂದು ವ್ಯವಸ್ಥೆ ಮಾಡಿದ್ದರು. ಆಷಾಢಕ್ಕೆ ತವರು, ನಾಗರಪಂಚಮಿಗೆ ಉಂಡಿ, ಜೋಕಾಲಿ, ಅಣ್ಣ ಕರೆಯಲು ಬರುವುದು, ಚೊಚ್ಚಲ ಬಾಣಂತನ ತಾಯಿಯ ಮನೆಯಲ್ಲಿ. ಒಮ್ಮೆಗೇ ಕೊಯ್ದು ಬಿಡದೆ, ಹೋಗಿ ಬಂದು ಹೋಗಿ ಬಂದು, ವರ್ಷಗಳ ಮೇಲೆ ಬೇರು ಬಿಡುವ ಹಾಗೆ. ಅಳಬೇಡ ಎಂದು ಬಾಯಿ ಮುಚ್ಚಿಸಲೂ ಇಲ್ಲ, ಬೀಳ್ಕೊಡುವಾಗ ಊರೇ ಅಳುತ್ತಿತ್ತು. ಹೆಣ್ಣುಮಕ್ಕಳ ಬಾಳಿನಲ್ಲಿ ಆ ಕಾಲ ಕೊಟ್ಟ ಕಷ್ಟ ಸಾವಿರ ಇರಬಹುದು, ಈ ಒಂದು ತಿಳಿವಳಿಕೆ ಮಾತ್ರ ಅಸಲಿ. ಅದೇ ತಿಳಿವಳಿಕೆಯನ್ನು ಐದನೆಯ ತರಗತಿ ಮುಗಿಸಿ ವಸತಿ ಶಾಲೆಗೆ ಹೋಗುವ ಮಕ್ಕಳಿಗೆ ನಾವು ತೋರಿಸಿಲ್ಲ. ಮೊರಾರ್ಜಿ ದೇಸಾಯಿ ಶಾಲೆಯಲ್ಲಿ ಸೀಟು ಸಿಕ್ಕಿತೆಂದು ಊರಿಗೆಲ್ಲ ಪೇಢೆ ಹಂಚಿ, ಟ್ರಂಕು ಕೊಡಿಸಿ, ಬಿಟ್ಟು ಬಂದ ಮೂರನೆಯ ದಿನವೇ ಹುಡುಗ ಓಡಿಬಂದರೆ ಹೊಡೆಯುತ್ತೇವೆ. ಹತ್ತು ವರ್ಷದ ಹುಡುಗನಿಗೆ ಅವ್ವನ ನೆನಪಾಗುವುದು ನಾಚಿಕೆಯ ಸಂಗತಿ ಎಂದು ಯಾರು ಹೇಳಿಕೊಟ್ಟರು?

ಈ ಭಯಕ್ಕೆ ಚಿಕಿತ್ಸೆ ಇದೆ. ಬಹುಪಾಲು ಮಕ್ಕಳಿಗೆ ಮಾತ್ರೆ ಬೇಕಾಗುವುದಿಲ್ಲ. ಭಯಪಟ್ಟ ಅಗಲಿಕೆಯನ್ನು ಚಿಕ್ಕ ಚಿಕ್ಕದಾಗಿ ಒಡೆದು, ಮಗು ತಾಳಬಲ್ಲಷ್ಟೇ ಅಭ್ಯಾಸ ಮಾಡಿಸುತ್ತ ಹೋಗುವುದು ಅದರ ತಿರುಳು. ಮೊದಲು ಅಜ್ಜಿ ಪಕ್ಕದ ಮನೆಗೆ ಹೋಗಿ, ಹೇಳಿದ ಹೊತ್ತಿಗೆ ಬರುವುದು. ಆಮೇಲೆ ಕಿರಾಣಿ ಅಂಗಡಿಯ ತನಕ. ಆಮೇಲೆ ಅರ್ಧ ದಿನ. ಶಾಲೆಗೆ ಒಲ್ಲೆ ಎನ್ನುವ ಮಗುವನ್ನು ಮನೆಯಲ್ಲೇ ಉಳಿಸಿಕೊಂಡಷ್ಟೂ ಭಯ ಬೇರು ಬಿಡುತ್ತದೆ. ಒಂದು ತಾಸು, ಎರಡು ತಾಸು ಎಂದು ಮೇಷ್ಟ್ರ ಜೊತೆ ಮಾತಾಡಿಕೊಂಡು ಬೇಗ ಮರಳಿಸಬೇಕು. ಸೋಮವಾರ ಬೆಳಿಗ್ಗೆಯ ಹೊಟ್ಟೆನೋವು ಸುಳ್ಳಲ್ಲ, ನಿಜವಾಗಿ ನೋಯುತ್ತದೆ, ಹಾಗೆಂದು ಹೇಳಿಯೇ ಶಾಲೆಗೆ ಕಳಿಸಬೇಕು. ದೊಡ್ಡ ಮಕ್ಕಳಿಗೂ ವಯಸ್ಕರಿಗೂ ಮನಸ್ಸು ಕಟ್ಟುವ ಕೆಟ್ಟ ಚಿತ್ರಗಳನ್ನು ಒರೆಗೆ ಹಚ್ಚಿ ನೋಡುವುದನ್ನು ಕಲಿಸುವ ಮಾತಿನ ಚಿಕಿತ್ಸೆಯಿದೆ. ಅದು ಸಾಲದಾದಾಗ ಔಷಧ ಉಂಟು, ಅದನ್ನು ಬರೆಯಬೇಕಾದವರು ಮನೋವೈದ್ಯರು. ಮನೆಯ ದೊಡ್ಡವರ ಭಯವನ್ನೂ ಜೊತೆಗೇ ನೋಡದಿದ್ದರೆ ಮಗುವಿನದು ಹೋಗುವುದಿಲ್ಲ, ಎರಡೂ ಒಂದೇ ಮನೆಯಲ್ಲಿ ಉಸಿರಾಡುತ್ತಿರುತ್ತವೆ.

ಆಸರೆಗೆ ಒಂದು ವಸ್ತುವೂ ಬೇಕು. ಡೊನಾಲ್ಡ್ ವಿನಿಕಾಟ್ ಎಂಬ ಇಂಗ್ಲಿಷ್ ಶಿಶುವೈದ್ಯ 1950ರ ದಶಕದ ಆರಂಭದಲ್ಲಿ, ಮಕ್ಕಳು ಬಿಡದೆ ಹಿಡಿದುಕೊಳ್ಳುವ ಹರಕು ಕಂಬಳಿ, ಗೊಂಬೆಗಳ ಬಗ್ಗೆ ಬರೆದು, ಅದನ್ನು ಕಸಿಯಬೇಡಿ, ತೊಳೆಯಲೂ ಬೇಡಿ ಎಂದ. ನಮ್ಮಲ್ಲಿ ಕೌದಿ ಇದೆ. ಅವ್ವನ ಹಳೆಯ ಇಳಕಲ್ ಸೀರೆ, ಅಜ್ಜಿಯ ಸೀರೆ, ಅಪ್ಪನ ಧೋತರ ಎಲ್ಲ ಸೇರಿಸಿ ಕೈಹೊಲಿಗೆ ಹಾಕಿದ್ದು. ಗುಳೆ ಹೋದ ಮನೆಯ ಮಗುವೊಂದು ಅದರ ಒಂದೇ ಮೂಲೆಯನ್ನು, ಅವ್ವನ ಸೀರೆಯ ತುಂಡಿದ್ದ ಮೂಲೆಯನ್ನು, ಮೂಗಿಗೆ ಒತ್ತಿಕೊಂಡು ಮಲಗುತ್ತಿತ್ತು. ಹಬ್ಬಕ್ಕೆಂದು ಅಜ್ಜಿ ಕೌದಿಯನ್ನು ಹಳ್ಳಕ್ಕೆ ಒಯ್ದು ಒಗೆದು ತಂದ ರಾತ್ರಿ ಮಗು ಅದೇ ಮೂಲೆ ಹುಡುಕಿ ಮೂಸಿ, ಎದ್ದು ಕೂತು ಅತ್ತಿತು. ವಾಸನೆ ಹೋಗಿತ್ತು. ಅಜ್ಜಿಗೆ ಅದು ತಿಳಿಯಿತು. ಫೋನ್ ಮಾಡಿ ಸೊಸೆಗೆ ಹೇಳಿದಳು: ಮುಂದಿನ ಸಲ ಬರುವಾಗ ಉಟ್ಟು ಬಿಟ್ಟ ಸೀರೆಯೊಂದನ್ನು ಒಗೆಯದೆ ತಾ.

ಫೋನಿನ ಬಗ್ಗೆ ಹೇಳುವುದಾದರೆ, ವಿಡಿಯೋ ಕರೆ ದೊಡ್ಡ ಉಪಕಾರ, ಆದರೆ ಹೊತ್ತು ಗೊತ್ತಿಲ್ಲದೆ ಬರುವ ಕರೆ ಮಗುವನ್ನು ದಿನವಿಡೀ ಕಾಯಿಸುತ್ತದೆ. ದಿನಾ ಒಂದೇ ಹೊತ್ತಿಗೆ ಎರಡು ನಿಮಿಷವಾದರೂ ಸಾಕು. ಇನ್ನು ‘ನಾಳೆ ಬರ್ತೀನಿ’ ಎಂಬ ಸುಳ್ಳು ಬೇಡ. ಮೂರು ವರ್ಷದ ಮಗುವಿಗೆ ಐದು ತಿಂಗಳೆಂದರೆ ತಿಳಿಯದು, ಹಬ್ಬ ತಿಳಿಯುತ್ತದೆ. ಶೀಗಿ ಹುಣ್ಣಿಮೆ ಆಯಿತು, ಇನ್ನು ದೀಪಾವಳಿ, ಆಮೇಲೆ ಎಳ್ಳ ಅಮಾವಾಸ್ಯೆಗೆ ಸಜ್ಜೆ ರೊಟ್ಟಿ, ಭಜ್ಜಿ ಹೊತ್ತು ಹೊಲಕ್ಕೆ ಹೋಗುವುದು, ಆಮೇಲೆ ಸಂಕ್ರಾಂತಿಗೆ ಮೈಲಾಪುರದ ಜಾತ್ರೆ, ಆಮೇಲೆ ಹೋಳಿಯ ಬಣ್ಣ, ಅದಾದ ಮೇಲೆ ಯುಗಾದಿಗೆ ಅವ್ವ. ಪ್ರತಿ ಹಬ್ಬಕ್ಕೂ ಗೋಡೆಯ ಮೇಲೆ ಮಗುವಿನ ಕೈಯಿಂದಲೇ ಒಂದು ಸುಣ್ಣದ ಬೊಟ್ಟು ಇಡಿಸಿದರೆ ಕಾಯುವುದಕ್ಕೆ ಕೊನೆಯಿದೆ ಎಂದು ಅದಕ್ಕೆ ಕಣ್ಣಿಗೇ ಕಾಣುತ್ತದೆ.

ಎಲ್ಲಕ್ಕಿಂತ ಮೇಲಿನ ಮದ್ದು ಊರಲ್ಲೇ ಕೆಲಸ. ಉದ್ಯೋಗ ಖಾತ್ರಿಯ ಕೂಲಿ ಸರಿಯಾಗಿ, ಹೊತ್ತಿಗೆ ಸರಿಯಾಗಿ ಸಿಕ್ಕರೆ ಎಷ್ಟೋ ತಾಯಂದಿರು ಬಸ್ಸೇ ಹತ್ತುವುದಿಲ್ಲ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ಗಳು ನಿಜವಾಗಿ ಬಾಗಿಲು ತೆರೆದಿರಬೇಕು, ಅಲ್ಲಿ ದಿನಾ ಅದೇ ಮುಖದ ಆರೈಕೆದಾರಳು ಇರಬೇಕು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿಸುವುದನ್ನು ಮಕ್ಕಳ ಮನಸ್ಸಿನ ಆರೋಗ್ಯದ ಲೆಕ್ಕಕ್ಕೂ ಬರೆಯಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ನಾಲ್ಕು ವಾರ ದಾಟಿದರೂ ಮಗು ಉಣ್ಣದೆ, ಮಲಗದೆ, ಶಾಲೆಗೆ ಹೋಗದೆ ಇದ್ದರೆ, ಇಲ್ಲವೇ ಮೊದಲು ಮಾತಾಡುತ್ತಿದ್ದದ್ದು ತೀರ ಸುಮ್ಮನಾಗಿಬಿಟ್ಟರೆ, ಯಾದಗಿರಿಯ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಹೋಗಲಾಗದವರು ಟೆಲಿಮಾನಸ್‌ನ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ಹಣ ಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ಒಬ್ಬರೇ ಉಳಿದ ಅಜ್ಜಿಯರಿಗೂ, ಶೆಡ್ಡಿನಲ್ಲಿ ನಿದ್ದೆ ಬಾರದ ಅಪ್ಪಂದಿರಿಗೂ ಅದೇ ನಂಬರು. ಈ ವರ್ಷ ದುಡಿಯಲು ಹೊರಡುವವರಲ್ಲಿ ನನ್ನದೊಂದು ಬೇಡಿಕೆ: ಕೂಸು ಮಲಗಿದಾಗ ಹೊರಡಬೇಡಿ. ಎಬ್ಬಿಸಿ, ಮುಖ ನೋಡಿ, ಎಲ್ಲಿಗೆ ಹೋಗುತ್ತೀರಿ, ಯಾವ ಹಬ್ಬಕ್ಕೆ ಬರುತ್ತೀರಿ ಎಂದು ಹೇಳಿ. ಅತ್ತರೆ ಅಳಲಿ, ನೀವೂ ಅತ್ತರೆ ತಪ್ಪಿಲ್ಲ. ಹೇಳಿದ ಹಬ್ಬಕ್ಕೆ ಬರಲಾಗದಿದ್ದರೆ ಅದಕ್ಕೆ ಮುಂಚೆಯೇ ಫೋನ್ ಮಾಡಿ, ಅಜ್ಜಿಗಲ್ಲ, ಕೂಸಿಗೇ ತಿಳಿಸಿ.